ನೀನೇ ಬಂದು ಬರೆಯಬೇಕಾದ ಹೆಸರು

ಪೋರ್ಟ್ ಟ್ರೆಲಿನ್, ದಕ್ಷಿಣ ಆಸ್ಟ್ರೇಲಿಯಾ
ಸೋಮವಾರ, 17 ಅಕ್ಟೋಬರ್ 2016

ಪ್ರೀತಿಯ ಲೋರ್ನ್,

‘ಪ್ರೀತಿಯ’ ಎಂದು ಕೈ ತಾನಾಗಿಯೇ ಬರೆದುಬಿಟ್ಟಿತು. ಮೂವತ್ತನಾಲ್ಕು ವರ್ಷದ ಅಭ್ಯಾಸ. ಈಗ ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ, ಇರಲಿ ಬಿಡು. ನಿನ್ನ ಬೆನ್ನು ಹೇಗಿದೆ? ಬೆಳಗ್ಗೆ ಕಾಲುಚೀಲ ಹಾಕಿಕೊಳ್ಳಲು ಬಗ್ಗುವುದಕ್ಕೆ ಆಗುತ್ತದೆಯೋ, ಇಲ್ಲಾ ಆ ಸೇವೆಯೂ ಈಗ ನನ್ನನ್ನು ಬಿಟ್ಟು ನೀನು ಕಟ್ಟಿಕೊಂಡು ಹೋದ ಕೊರಲಿಯದ್ದೋ? ರಕ್ತದೊತ್ತಡದ ಮಾತ್ರೆ ತಿಂಡಿಯಾದ ಮೇಲೆ ಅರ್ಧ, ರಾತ್ರಿ ಅರ್ಧ. ಇದನ್ನು ಅವಳಿಗೆ ಹೇಳಿಡು. ನೀನಂತೂ ಮರೆಯುತ್ತೀಯ, ಮರೆತು ಆಮೇಲೆ ಇನ್ನೊಬ್ಬರ ಮೇಲೆ ರೇಗುತ್ತೀಯ. ಕ್ವೀನ್ಸ್‌ಲೆಂಡಿನ ಸೆಕೆಗೆ ಕತ್ತಿನ ಸುತ್ತ ಬೆವರುಸಾಲೆ ಎದ್ದಿರಬೇಕಲ್ಲ. ಎದ್ದಿರಲಿ ಎಂದೇನೂ ನಾನು ಹರಸಿಕೊಂಡಿಲ್ಲ, ಆದರೆ ಎದ್ದಿದ್ದರೆ ನನಗೆ ದುಃಖವೂ ಇಲ್ಲ. ನಾನು ಚೆನ್ನಾಗಿದ್ದೇನೆ. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ, ಕಾರಣ ಮುಂದೆ ಬರುತ್ತದೆ. ಮಗಳು ಬ್ರೋನ್ವಿನ್ ಕ್ಷೇಮ. ನಿನ್ನ ಹೆಸರೆತ್ತಿದರೆ ಅವಳು ಹವಾಮಾನದ ಮಾತು ತೆಗೆಯುತ್ತಾಳೆ.

ನಿನ್ನ ಮೂರು ಸಾಲಿನ ಪತ್ರ ತಲುಪಿತು. ಹತ್ತೊಂಬತ್ತು ತಿಂಗಳಲ್ಲಿ ಬಂದ ಮೊದಲ ಪತ್ರ, ಅದೂ ಕಾರಿನ ಬಗ್ಗೆ. ಶೆಡ್ಡಿನಲ್ಲಿರುವ ಹಳದಿ ಕಾರನ್ನು ತಿಂಗಳ ಕೊನೆಯೊಳಗೆ ಲಾರಿಗೆ ಹಾಕಿಸಿ ಕಳಿಸಬೇಕು, ಬಿಚ್ಚಿಟ್ಟ ಎಂಜಿನ್ನಿನ ಒಂದು ನಟ್ಟೂ ಕಳೆಯಬಾರದು ಎಂದು ಬರೆದಿದ್ದೀಯ. ನಾನು ಹೇಗಿದ್ದೇನೆ ಎಂದು ಕೇಳಲು ನಾಲ್ಕನೆಯ ಸಾಲಿಗೆ ಶಾಯಿ ಸಾಲಲಿಲ್ಲವೇನೋ. ಹೊರಡುವ ಮೊದಲು ಕಾರು ಓಟದ ಕ್ಲಬ್ಬಿನಲ್ಲಿ ಕೂತು ನೀನು ಹೇಳಿದ ಮಾತು ನನ್ನ ಕಿವಿಗೆ ಬೀಳಲಿಲ್ಲ ಎಂದುಕೊಂಡಿದ್ದೆಯಾ? ಕಾರು ಏನಾಗುತ್ತೆ ಎಂದು ಯಾರೋ ಕೇಳಿದ್ದಕ್ಕೆ, “ಅವಳೇನ್ ಮಾಡ್ತಾಳೆ, ಸೀಟ್ ಕಿತ್ತಾಕಿ ಅದ್ರಲ್ಲಿ ಕೋಳಿ ಸಾಕ್ತಾಳೆ” ಎಂದೆಯಂತೆ. ಎಲ್ಲರೂ ನಕ್ಕರಂತೆ. ಕ್ಲಬ್ಬಿನ ಅಧ್ಯಕ್ಷ ಆಲ್ಫ್ ಟ್ರೆಂಬತ್ ತಾನೂ ನಕ್ಕಿದ್ದನ್ನು ಒಪ್ಪಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ನನಗೆ ತಿಳಿಸಿದ. ಕೋಳಿ ಸಾಕಿಲ್ಲ ಲೋರ್ನ್. ಸೀಟು ಇದ್ದಲ್ಲೇ ಇದೆ, ನನ್ನ ಅಳತೆಗೆ ನಾಲ್ಕು ಬೆರಳು ಮುಂದಕ್ಕೆ ಬಂದಿದೆ ಅಷ್ಟೆ.

ಮೊದಲ ನಾಲ್ಕು ತಿಂಗಳು ನಾನು ಆ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಐದನೆಯ ತಿಂಗಳು ತೆಗೆದೆ, ಸುತ್ತಿಗೆ ಹಿಡಿದುಕೊಂಡು. ದೀಪದ ಗಾಜಿನಿಂದ ಶುರುಮಾಡಿ ಹಿಂದಿನವರೆಗೂ ಒಡೆದು ಪುಡಿಮಾಡಬೇಕು, ಚಿತ್ರ ತೆಗೆದು ನಿನಗೆ ಕಳಿಸಬೇಕು ಎಂದಿತ್ತು ಮನಸ್ಸಿನಲ್ಲಿ. ಅಷ್ಟು ಹೊತ್ತಿಗೆ ನಿನ್ನ ಮೆಕ್ಯಾನಿಕ್ ಸ್ಟಾವ್ರೋಸ್ ಯಾವುದೋ ಸ್ಪ್ಯಾನರ್ ಹಿಂದಿರುಗಿಸಲು ಬಂದವನು ಬಾಗಿಲಲ್ಲೇ ನಿಂತ. ಸುತ್ತಿಗೆ ಕಿತ್ತುಕೊಳ್ಳಲಿಲ್ಲ, ಸಮಾಧಾನ ಹೇಳಲಿಲ್ಲ. “ಒಡೀಬೇಕಂದ್ರೆ ಒಡಿ ನೆರಿಡಾ, ಪೊರಕೆ ನಾನ್ ತರ್ತೀನಿ. ಆದ್ರೆ ಅವನಿಗೆ ನೋಯೋ ಜಾಗ ಇದಲ್ಲ” ಎಂದ. ಹಾಗಾದರೆ ಎಲ್ಲಿ ಎಂದು ಕೇಳಿದೆ. “ಕ್ಲಬ್ಬಲ್ಲಿ, ಟೀ ಪಾತ್ರೆ ಮೇಲ್ಗಡೆ ಗೋಡೇಲಿ ಐತಲ್ಲ” ಎಂದ. ಆಗ ನನಗೆ ಸಿಟ್ಟಿನಲ್ಲೂ ನಗು ಬಂತು. ಅವನು ಹೇಳಿದ್ದು ಒಂದು ಸುತ್ತಿನ ವೇಗದ ದಾಖಲೆಯ ಹಲಗೆ. ಎರಡು ಲೀಟರ್ ಎಂಜಿನ್ನಿನ ವರ್ಗ, ಲೋರ್ನ್ ಹ್ಯಾಡ್ಲಿ, ಒಂದು ನಿಮಿಷ 13.2 ಸೆಕೆಂಡು, 2005. ನಮ್ಮ ಮದುವೆಯ ಚಿತ್ರಕ್ಕೆ ಧೂಳು ಹಿಡಿದರೂ ಆ ಹಲಗೆಯನ್ನು ನೀನು ಪ್ರತಿ ಭಾನುವಾರ ಕರವಸ್ತ್ರದಿಂದ ಒರೆಸುತ್ತಿದ್ದೆ.

ಆ ಹಲಗೆಯ ನಿಯಮ ನಿನಗೆ ಹೇಳಿಕೊಡಬೇಕಾಗಿಲ್ಲ. ದಾಖಲೆ ಕಳೆದುಕೊಂಡವನು ವರ್ಷದ ಕೊನೆಯ ಊಟಕ್ಕೆ ತಾನೇ ಬರಬೇಕು, ಎಲ್ಲರ ಮುಂದೆ ಸ್ಟೂಲು ಹತ್ತಿ ತನ್ನ ಹೆಸರನ್ನು ತಾನೇ ಕೆರೆದು, ಗೆದ್ದವರ ಹೆಸರನ್ನು ತನ್ನ ಕೈಯಿಂದಲೇ ಬಣ್ಣದಲ್ಲಿ ಬರೆಯಬೇಕು. ಬಾರದವನ ಹೆಸರನ್ನು ಮತ್ತೆ ಯಾರೂ ಕ್ಲಬ್ಬಿನ ಅಂಗಳದಲ್ಲಿ ಎತ್ತುವುದಿಲ್ಲ. ಹನ್ನೊಂದು ವರ್ಷದ ಹಿಂದೆ ನೀನು ಆಲ್ಫ್‌ನ ದಾಖಲೆ ಮುರಿದಾಗ ಪಾಪ ಅವನು ಮಂಡಿನೋವಿನಲ್ಲೂ ಹತ್ತಿದ. ನೀನು ಕೆಳಗೆ ಬಿಯರ್ ಹಿಡಿದು ನಿಂತು, “ಅಕ್ಷರ ಇನ್ನೂ ಸ್ವಲ್ಪ ದಪ್ಪ ಬರ್ಲಿ ಆಲ್ಫ್, ನನಗೆ ದೂರದ್ದು ಕಾಣಲ್ಲ” ಎನ್ನುತ್ತಿದ್ದೆ. ಆ ಸ್ಟೂಲಿನ ಮೇಲೆ ನಿನ್ನನ್ನು ಹತ್ತಿಸಬೇಕು ಎಂಬ ಹಟ ಆ ಕ್ಷಣ ಹುಟ್ಟಿತು. ಸುತ್ತಿಗೆ ಕೆಳಗಿಟ್ಟೆ.

ಸ್ಟಾವ್ರೋಸ್ ಎಂಜಿನ್ ಜೋಡಿಸಲು ಹದಿನೈದು ದಿನ ತೆಗೆದುಕೊಂಡ. ನಟ್ಟು ಒಂದೂ ಕಳೆದಿಲ್ಲ, ನಿಶ್ಚಿಂತೆಯಿಂದಿರು. ನಿನ್ನ ಜೊತೆ ಬಾಳಿದ ಇಷ್ಟು ವರ್ಷದಲ್ಲಿ ನಾನು ಆ ಕಾರನ್ನು ಶೆಡ್ಡಿನಿಂದ ಅಂಗಳಕ್ಕೂ ಓಡಿಸಿದವಳಲ್ಲ. “ಹೆಂಗಸ್ರಿಗೆ ಬ್ರೇಕ್ ಎಲ್ಲಿ ಹಾಕ್ಬೇಕಂತ ಗೊತ್ತಾಗಲ್ಲ” ಎಂಬುದು ನಿನ್ನ ತೀರ್ಮಾನ. ಆದರೆ ಇಪ್ಪತ್ತಾರು ವರ್ಷ ನಾನು ಕೂತದ್ದು ಎಲ್ಲಿ? ನೇರ ದಾರಿಯ ಕೊನೆಯಲ್ಲಿ, ಸಮಯ ಬರೆದುಕೊಳ್ಳುವ ಮರದ ಗೂಡಿನಲ್ಲಿ. ಅಲ್ಲಿಂದ ಪಾದ್ರಿ ತಿರುವು ಕಾಣುವುದಿಲ್ಲ, ಕೇಳಿಸುತ್ತದೆ. ಎಲ್ಲರೂ ದೇವರ ಹೆಸರು ತೆಗೆಯುವ ತಿರುವು ಅದು. ಯಾರು ಎಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರು, ಯಾರ ಧೈರ್ಯ ಎಷ್ಟು ಗಜ ಮೊದಲೇ ಉಡುಗಿತು ಎಂಬುದು ನನ್ನ ಕಿವಿಗೆ ಬಾಯಿಪಾಠ. ಎಲ್ಲರೂ ತಿರುವಿಗೆ ಮುಂಚಿನ ಬಿಳಿ ಕಂಬದ ಹತ್ತಿರ ಕಾಲೆತ್ತುತ್ತಿದ್ದರು. ನಿನ್ನ ಎಂಜಿನ್ ಕಂಬಕ್ಕಿಂತ ಎಷ್ಟೋ ಮೊದಲೇ ಬಾಯಿ ಮುಚ್ಚುತ್ತಿತ್ತು. ನೀನು ಮನೆಗೆ ಬಂದು ಕಂಬ ದಾಟಿದ ಮೇಲೆ ಬ್ರೇಕ್ ಒತ್ತಿದೆ ಎಂದು ಮೀಸೆ ತಿರುವುತ್ತಿದ್ದೆ, ನಾನು ಹೌದೌದು ಎಂದು ಸಾರು ಬಡಿಸುತ್ತಿದ್ದೆ. ನಿಜ ಹೇಳಿದ್ದರೆ ಒಂದು ವಾರ ನನ್ನ ಹತ್ತಿರ ಮಾತು ಬಿಡುತ್ತಿದ್ದೆ ತಾನೆ.

ಮೊದಲ ದಿನ ಓಟದ ದಾರಿಯಲ್ಲಿ ಕಾರು ಎರಡು ಸಲ ಗಿರ್ರನೆ ತಿರುಗಿ ಹೊರಗೆ ಹೋಯಿತು. ಎರಡನೆಯ ಸಲ ಉಪ್ಪುಪೊದೆಯೊಳಗೆ ಹಿಂದುಮುಂದಾಗಿ ನುಗ್ಗಿ ನಿಂತಾಗ, ಆಲ್ಫ್ ಧ್ವನಿವರ್ಧಕದಲ್ಲಿ “ನೆರಿಡಾ, ನಿಮ್ಮನೆ ಆ ಕಡೆ ಅಲ್ಲಮ್ಮ” ಎಂದ. ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಶಿರಸ್ತ್ರಾಣದ ಒಳಗೆ ಅತ್ತೆ, ಮತ್ತೆ ಹೊರಟೆ. ಅರವತ್ತೊಂದು ವರ್ಷದವಳಿಗೆ ಇನ್ನೂರು ಕಿಲೋಮೀಟರ್ ವೇಗ ಹೇಗಿರುತ್ತದೆ ಎಂದು ನೀನು ಕೇಳುವವನಲ್ಲ, ಆದರೂ ಹೇಳುತ್ತೇನೆ. ಬೆನ್ನನ್ನು ಯಾರೋ ಸೀಟಿಗೆ ಒತ್ತಿ ಹಿಡಿದ ಹಾಗೆ. ಕೈಯೊಳಗೆ ಸ್ಟೀರಿಂಗ್ ಚಕ್ರ ಒಂದೇ ಸಮ ನಡುಗುತ್ತದೆ, ಬಾಯಿ ಒಣಗುತ್ತದೆ, ದಾರಿಯ ಅಂಚು ಬರೀ ಒಂದು ಬಣ್ಣವಾಗಿಬಿಡುತ್ತದೆ. ಮೊದಮೊದಲು ಪ್ರತಿ ತಿರುವಿನಲ್ಲೂ ನೀನೂ ಕೊರಲಿಯೂ ಅಡ್ಡ ನಿಂತಂತೆ ಅನ್ನಿಸಿ ಹಲ್ಲು ಕಚ್ಚಿ ಬ್ರೇಕು ತುಳಿಯುತ್ತಿದ್ದೆ, ಟೈರು ಕಿರುಚುತ್ತಿತ್ತು. ಸ್ಟಾವ್ರೋಸ್ ಕಿಟಕಿಗೆ ತಲೆ ತೂರಿಸಿ ಬೈದ: “ಹಿಂಗ್ ತುಳಿದ್ರೆ ಟೈರ್ ಅಳ್ತೈತೆ, ಲೋರ್ನ್ ಅಳಲ್ಲ. ನಿಧಾನಕ್ಕೆ ಒತ್ತು. ಕಣ್ಣಲ್ಲಿ ನೋಡ್ಕೊಂಡ್ ಹೋಗ್ಬೇಡ, ಕೇಳ್ಕೊಂಡ್ ಹೋಗು.” ಅಂದಿನಿಂದ ಕೇಳಿಕೊಂಡು ಓಡಿಸಿದೆ. ಗೂಡಿನಲ್ಲಿ ಕೂತು ಕೇಳುತ್ತಿದ್ದದ್ದನ್ನೇ ಕಾರಿನೊಳಗೆ ಕೂತು ಕೇಳಿದೆ, ಬೇರೆಯವರು ಸುಮ್ಮನಾಗುವ ಜಾಗದಲ್ಲಿ ಸುಮ್ಮನಾಗದೆ ಇನ್ನೊಂದು ಉಸಿರು ಕಾದೆ. ತಿಂಗಳಿಗೆ ಎರಡು ಭಾನುವಾರದಂತೆ ಹದಿನಾಲ್ಕು ತಿಂಗಳು.

ನಿನ್ನೆ ತೆಂಕಣ ಗಾಳಿ ತಣ್ಣಗೆ ಬೀಸುತ್ತಿತ್ತು, ದಾರಿ ಒಣಗಿತ್ತು. ನಾಲ್ಕನೆಯ ಸುತ್ತಿನಲ್ಲಿ ಪಾದ್ರಿ ತಿರುವಿಗೆ ಬಂದಾಗ ಬಿಳಿ ಕಂಬ ಬಂತು, ಹೋಯಿತು, ನನ್ನ ಕಾಲು ಇನ್ನೂ ಕೆಳಗೇ ಇತ್ತು. ಸತ್ತೆ ಅನ್ನಿಸಿತು. ಆಮೇಲೆ ಒತ್ತಿದೆ, ಸ್ಟಾವ್ರೋಸ್ ಹೇಳಿದ ಹಾಗೆ ಮೆತ್ತಗೆ. ಹಿಂಭಾಗ ಒಂದು ಗೇಣು ಜಾರಿತು, ಹಿಡಿದುಕೊಂಡಿತು, ಕಾರು ನೇರ ದಾರಿಗೆ ಬಂತು. ಹೆಂಗಸರಿಗೆ ಬ್ರೇಕ್ ಎಲ್ಲಿ ಹಾಕಬೇಕೆಂದು ಗೊತ್ತಾಗುತ್ತದೆ ಲೋರ್ನ್, ನಿನಗಿಂತ ಮೂವತ್ತು ಗಜ ಮುಂದೆ. ಗೆರೆ ದಾಟಿದೆ. ಆಲ್ಫ್ ಧ್ವನಿವರ್ಧಕದಲ್ಲಿ, “ಒಂದು ನಿಮಿಷ, ಹನ್ನೆರಡು... ಪಾಯಿಂಟ್ ಒಂಬತ್ತು. ಅಯ್ಯೋ ದೇವ್ರೇ, ಲೋರ್ನ್‌ಗೆ ಯಾರಾದ್ರೂ ಫೋನ್ ಮಾಡ್ರಪ್ಪ” ಎಂದ. ಈಗ ಸಮಯ ಹಿಡಿಯುವುದು ಕಾರಿಗೆ ಬಿಗಿದ ಪುಟ್ಟ ಯಂತ್ರ, ತಪ್ಪು ಲೆಕ್ಕ ಎಂದು ನೀನು ತಕರಾರು ತೆಗೆಯುವ ಹಾಗಿಲ್ಲ. ನೀನು ಹಾಗೆ ತೆಗೆಯುವವನೇ ಎಂದು ಆಲ್ಫ್ ಮುದ್ರಿತ ಚೀಟಿಗೆ ಸಹಿ ಹಾಕಿ ಕೊಟ್ಟಿದ್ದಾನೆ, ಇದರ ಜೊತೆ ಇಟ್ಟಿದ್ದೇನೆ. 2005ರ ನಂತರ ನೀನೇ ಒಂಬತ್ತು ವರ್ಷ ಒದ್ದಾಡಿದರೂ ನಿನ್ನ ಆ ಸಮಯದ ಹತ್ತಿರಕ್ಕೂ ಹೋಗಲಾಗಲಿಲ್ಲ. ಒಂದು ವರ್ಷ ಟೈರು ಸರಿಯಿಲ್ಲ, ಒಂದು ವರ್ಷ ಪೆಟ್ರೋಲು, ಇನ್ನೊಂದು ವರ್ಷ ನಾನು ಬೆಳಗ್ಗೆ ಜಗಳವಾಡಿದ್ದು.

ಸರಿ, ನೀನು ಕೇಳಿದ ಕಾರಿನ ವಿಷಯ. ನವೆಂಬರ್ 26ರ ಶನಿವಾರ ಕ್ಲಬ್ಬಿನ ಊಟ. ಬಾ. ಹಲಗೆಗೆ ಬರೆದು ಮುಗಿಸಿ, ಮರುದಿನ ಬೆಳಗ್ಗೆ ಕಾರನ್ನು ನೀನೇ ತೆಗೆದುಕೊಂಡು ಹೋಗು, ನಾನು ತೊಳೆದು ಇಟ್ಟಿರುತ್ತೇನೆ. ನನಗದು ಬೇಡ. ಸ್ಟಾವ್ರೋಸ್ ನನಗೆಂದು ಬೇರೊಂದನ್ನು ನೋಡಿದ್ದಾನೆ, ಅದರ ಸೀಟಿನಲ್ಲಿ ನಿನ್ನ ಬೆನ್ನಿನ ಗುಳಿ ಇರುವುದಿಲ್ಲ. ಬೆನ್ನುನೋವಿನ ನೆಪ ಹೇಳಬೇಡ, ಸ್ಟೂಲು ಹಿಡಿದುಕೊಳ್ಳಲು ಇಬ್ಬರನ್ನು ನಿಲ್ಲಿಸುತ್ತೇನೆ ಎಂದು ಆಲ್ಫ್ ಹೇಳಿದ್ದಾನೆ. ಕೊರಲಿಯನ್ನೂ ಕರೆದುಕೊಂಡು ಬಾ, ಅವಳು ನೋಡಬೇಕಾದದ್ದೇ. ಆಲ್ಫ್‌ನ ಹೆಂಡತಿ ಮಾಂಸ ತುಂಬಿ ಸುಟ್ಟ ಪೇಸ್ಟಿ ಕಡುಬು ಮಾಡುತ್ತಾಳೆ, ಕೊರಲಿಗೆ ಮಾಂಸ ಆಗದಿದ್ದರೆ ತರಕಾರಿಯದ್ದು ಹೇಳಿಸುತ್ತೇನೆ. ಇನ್ನೊಂದು ಮಾತು, ಹಲಗೆಯ ಮೇಲೆ ನಿನ್ನ ಮನೆತನದ ಹೆಸರು ಹಾಕಬೇಡ. ನೆರಿಡಾ ಪೆನ್‌ರೋಸ್ ಎಂದು ಬರೆ, ನಾನು ಹುಟ್ಟಿದ ಮನೆಯ ಹೆಸರು. ದಪ್ಪಗೆ ಬರೆ. ಇದು ಸೇಡೇ, ನಾನು ಮುಚ್ಚಿಡುವುದಿಲ್ಲ. ಮನಸ್ಸು ದೊಡ್ಡದು ಮಾಡಿಕೊ ಎಂದು ಪಾದ್ರಿಯಿಂದ ಹಿಡಿದು ಹಲ್ಲಿನ ಡಾಕ್ಟರ್‌ವರೆಗೆ ಎಲ್ಲರೂ ಹೇಳಿ ಆಯಿತು. ಮಾಡಿಕೊಳ್ಳಲಿಲ್ಲ. ಈಗ ರಾತ್ರಿ ಒಳ್ಳೆಯ ನಿದ್ದೆ ಬರುತ್ತಿದೆ.

ಬ್ರೋನ್ವಿನ್ ನಮಸ್ಕಾರ ತಿಳಿಸಿಲ್ಲ, ನಾನಾಗಿ ಸೇರಿಸುವುದಿಲ್ಲ. ಸ್ಟಾವ್ರೋಸ್ ತಿಳಿಸಿದ್ದಾನೆ, ನಗುತ್ತಾ. ನಿನಗೆ ಸಕಲವೂ ಒಳ್ಳೆಯದಾಗಲಿ ಎಂದು ಬರೆಯುವಷ್ಟು ನಾನಿನ್ನೂ ಪಳಗಿಲ್ಲ. ಬೆನ್ನು ಮಾತ್ರ ಬೇಗ ವಾಸಿಯಾಗಲಿ, ಸ್ಟೂಲು ಹತ್ತುವಷ್ಟು.

ಇಂತು,
ನೆರಿಡಾ

ತಾ.ಕ.: ಅಂಚೆಯ ವ್ಯಾನು ತಿರುವಿನಲ್ಲಿ ಬರುತ್ತಿದೆ, ಬೇಗ ಬರೆಯುತ್ತೇನೆ. 2005ರ ಆ ದಿನ ಗೆರೆಯ ಹತ್ತಿರದ ಯಂತ್ರ ಕೆಟ್ಟಿತ್ತು, ಗೂಡಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದವಳು ನಾನೊಬ್ಬಳೇ. ಕಾರ್ಖಾನೆಯವರು ನಿನ್ನನ್ನು ಕೆಲಸದಿಂದ ತೆಗೆದು ಮೂರು ವಾರವಾಗಿತ್ತು, ಆ ಮೂರು ವಾರ ನೀನು ಸರಿಯಾಗಿ ಒಂದು ತುತ್ತು ತಿಂದಿರಲಿಲ್ಲ. ನನ್ನಿಂದ ನೋಡಲಾಗಲಿಲ್ಲ. ನೀನು ಗೆರೆ ಮುಟ್ಟುವ ಮೊದಲೇ ಗಡಿಯಾರ ನಿಲ್ಲಿಸಿದೆ. ನೀನು ನಿಜವಾಗಿ ಓಡಿಸಿದ್ದು ಒಂದು ನಿಮಿಷ 14.6. ಆಲ್ಫ್‌ನ ದಾಖಲೆಯನ್ನು ನೀನು ಮುರಿದೇ ಇರಲಿಲ್ಲ. ನೀನು ಓಡಿ ಬಂದು ನನ್ನನ್ನು ತಬ್ಬಿಕೊಂಡು ಅತ್ತೆ, ಎರಡು ಪೇಸ್ಟಿ ತಿಂದೆ. ಅದೇ ಸಂಜೆ ಯಾರೋ ಸಮಯ ಬರೆದುಕೊಂಡಿದ್ದಕ್ಕೆ ನನಗೆ ಕೃತಜ್ಞತೆ ಹೇಳಿದಾಗ, “ಅವಳದೇನಿದೆ, ಗುಂಡಿ ಒತ್ತೋದಷ್ಟೇ ತಾನೆ” ಎಂದೆ. ಆಲ್ಫ್‌ಗೆ ಮೋಸ ಮಾಡಿದ ತಪ್ಪು ನನ್ನದು. ಊಟದ ದಿನ ಎಲ್ಲರ ಮುಂದೆ ನಾನೇ ಹೇಳಿ ಬೈಸಿಕೊಳ್ಳುತ್ತೇನೆ, ನೀನು ಬಂದಿದ್ದರೂ ಸರಿ, ಬಾರದಿದ್ದರೂ ಸರಿ. ಇಷ್ಟು ತಿಳಿದಿರು. ನಾನು ಆರನೆಯ ಸಲ ಕಾರು ಇಳಿಸಿದ ದಿನವೇ 14.3 ಮಾಡಿದ್ದೆ, ನಿನ್ನನ್ನು ಅಂದೇ ಹಿಂದೆ ಹಾಕಿ ಆಗಿತ್ತು. ಆಮೇಲಿನ ವರ್ಷವಿಡೀ ನಾನು ಬೆನ್ನಟ್ಟಿದ್ದು ನಿನಗೋಸ್ಕರ ನಾನು ಹೇಳಿದ ಸುಳ್ಳನ್ನು.