ಅಂಗಳದ ಗ್ಯಾಸ್ ದೀಪ

ನವೆಂಬರ್ 14, ಗುರುವಾರ. ವೆಸ್ಟ್ ವರ್ಜೀನಿಯಾ.

ಅಂಗಳದ ದೀಪ ಇವತ್ತು ಆರಿತು. ನಮ್ಮ ನೆಲದಡಿಯ ಗ್ಯಾಸಿನ ಹಕ್ಕು ಕೊಂಡ ಕಂಪನಿಯವರು ಬಂದು ಕೊಳವೆ ಮುಚ್ಚಿ ಹೋದರು. ಹೊಲದಲ್ಲಿ ಕೊರೆದ ಗ್ಯಾಸ್ ಬಾವಿಯಿಂದ ಮನೆಗೆ ಗ್ಯಾಸು ಬಿಟ್ಟಿಯಾಗಿ ಬರುತ್ತಿತ್ತು. ಅಪ್ಪನ ಕಾಲದಿಂದ ಆ ದೀಪವನ್ನು ಹಗಲಲ್ಲೂ ಯಾರೂ ಆರಿಸಿದ್ದಿಲ್ಲ. ಆ ಹಕ್ಕು ಮಾರುವಾಗ ಮನೆಯ ಗ್ಯಾಸನ್ನು ಉಳಿಸಿಕೊಳ್ಳಬೇಕೆಂದು ನನಗೂ ಹೊಳೆಯಲಿಲ್ಲ, ತಮ್ಮ ಡಾರ್ಸಿಗೂ ಹೊಳೆಯಲಿಲ್ಲ. ಉಸಿರಾಡುವ ಗಾಳಿಯನ್ನು ಪತ್ರದಲ್ಲಿ ಬರೆಸಿಕೊಳ್ಳುವವರುಂಟೇ?

ಡಾರ್ಸಿಗೆ ಫೋನ್ ಮಾಡಿದೆ. "ಒಂದು ದೀಪಕ್ಕೆ ಇಷ್ಟು ಗೋಳಾ ಅಕ್ಕಾ? ಕರೆಂಟಿಂದು ಹಾಕಿಸ್ಕೊ," ಅಂದ. ಒಹಾಯೋದಲ್ಲಿ ಕೂತವನಿಗೆ ಹೇಳುವುದೇನು ಕಷ್ಟ.

ಕತ್ತಲಾದ ಮೇಲೆ ಎದುರು ಗುಡ್ಡದ ಹಳೆಯ ಗೆಳತಿ ಓಪಲ್ ಫೋನ್ ಮಾಡಿದಳು. ಅವಳ ದನಿ ಕೇಳಿ ಎಷ್ಟು ವರ್ಷವಾಯಿತೋ. ಅವಳಿಗೆ ಸೊಕ್ಕು ಬಂದಿದೆ ಅಂದುಕೊಂಡಿದ್ದೆ.

"ಏನೇ ಡೆಲ್ಫಾ, ಬದುಕಿದ್ದೀಯೇನೇ? ನಿನ್ನ ದೀಪ ಕಾಣ್ತಿಲ್ಲ!"

"ಇದ್ದೀನಿ ಕಣೇ. ಇಷ್ಟು ವರ್ಷ ಒಂದು ಫೋನಿಲ್ಲ, ಏನಿಲ್ಲ?"

"ದೀಪ ಉರೀತಿತ್ತಲ್ಲೇ. ದಿನಾ ಮಲಗೋ ಮುಂಚೆ ನೋಡ್ತಿದ್ದೆ. ಚೆನ್ನಾಗಿದ್ದೀಯ ಅಂದ್ಕೊಂಡಿದ್ದೆ."

ಕಿಟಕಿಯ ಹತ್ತಿರ ಕೂತಿದ್ದೇನೆ. ಎದುರು ಗುಡ್ಡದಲ್ಲಿ ಅವಳ ದೀಪ ಉರಿಯುತ್ತಲೇ ಇದೆ. ಅವಳೂ ಚೆನ್ನಾಗಿಯೇ ಇದ್ದಾಳೆಂದು ನಾನೂ ಇಷ್ಟು ವರ್ಷ...