‘ಕೊಟ್ಟ ವಿಳಾಸದಲ್ಲಿ ವಾಸವಿಲ್ಲ’ ಎಂದು ಬರೆದವರಿಗೆ

ಪೊಲೀಸ್ ಪರಿಶೀಲನಾ ವರದಿಗಳಿಗೆ ಕೊನೆಯ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಹೋದ ವರ್ಷದ ಜುಲೈ ಒಂಬತ್ತರಂದು ನಿಮ್ಮ ಕಚೇರಿ ನನ್ನ ತಮ್ಮನ ಮಗಳು ಸಂಘಮಿತ್ರಾಳ ಬಗ್ಗೆ ಒಂದು ಸಾಲು ಬರೆಯಿತು: ‘ಅರ್ಜಿದಾರರು ಕೊಟ್ಟ ವಿಳಾಸದಲ್ಲಿ ವಾಸವಿಲ್ಲ.’ ಆ ಸಾಲಿನ ದೆಸೆಯಿಂದ ಅವಳು ಯುರೋಪಿನಲ್ಲಿ ಓದುತ್ತಿದ್ದ ಎರಡು ವರ್ಷದ ಪದವಿಯನ್ನು ಒಂದೇ ವರ್ಷಕ್ಕೆ ನಿಲ್ಲಿಸಿ ಮೂಗೂರಿನ ಮನೆಗೆ ಹಿಂತಿರುಗಬೇಕಾಯಿತು. ಬರುವ ಮೇ ಹದಿನೈದರೊಳಗೆ ನೀವು ಅದನ್ನು ತಿದ್ದದೆ ಹೋದರೆ ಅವಳ ಸೀಟು ಇನ್ನೊಬ್ಬರ ಪಾಲಾಗುತ್ತದೆ, ಓದಿದ ವರ್ಷವೂ ಲೆಕ್ಕಕ್ಕಿಲ್ಲದಂತಾಗುತ್ತದೆ. ಇದನ್ನು ನಿಮ್ಮ ಕಚೇರಿಗೆ ನಾಲ್ಕು ಸಲ ಅರ್ಜಿಯಲ್ಲಿ ಬರೆದುಕೊಟ್ಟಿದ್ದೇನೆ. ನಾಲ್ಕಕ್ಕೂ ಸ್ವೀಕೃತಿಯ ಮೊಹರು ಬಿತ್ತು, ಉತ್ತರ ಬರಲಿಲ್ಲ. ನೀವು ಬೆಳಿಗ್ಗೆ ಪತ್ರಿಕೆ ಓದುತ್ತೀರೆಂಬ ನಂಬಿಕೆಯಿಂದ ಐದನೆಯದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಆ ಓದು ಎಂಥದ್ದೆಂದು ಹೇಳಬೇಕು. ಏಕೆಂದರೆ ನಿಮ್ಮ ಕಚೇರಿಯಲ್ಲಿ ಒಬ್ಬರು, “ಒಂದು ಯೂನಿವರ್ಸಿಟಿ ಬಿಟ್ಟು ಇನ್ನೊಂದಕ್ಕೆ ಯಾಕ್ ಹೋಗ್ತಾಳ್ರೀ? ಅಲ್ಲೇನಾದ್ರೂ ಗಲಾಟೆ ಮಾಡ್ಕೊಂಡ್ಲಾ?” ಎಂದು ನನ್ನನ್ನು ಕೇಳಿದರು. ಗಲಾಟೆ ಏನೂ ಇಲ್ಲ. ಯುರೋಪಿನ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪದವಿ ಕೊಡುತ್ತವೆ. ಮೊದಲ ವರ್ಷ ಒಂದು ದೇಶದಲ್ಲಿ ಓದಿದವರು ಎರಡನೆಯ ವರ್ಷ ಇನ್ನೊಂದು ದೇಶದಲ್ಲಿ ಓದಲೇಬೇಕು. ಹೋಗುವುದು ವಿದ್ಯಾರ್ಥಿಯ ಚಪಲವಲ್ಲ, ಪದವಿಯ ಷರತ್ತು. ಸಂಘಮಿತ್ರಾ ಆರಿಸಿಕೊಂಡದ್ದು ಚೌಳು ಹಿಡಿದ ಮಣ್ಣನ್ನು ಮತ್ತೆ ಸಾಗುವಳಿಗೆ ತರುವ ವಿಷಯ. ನಾಲೆಯ ನೀರು ನಿಂತು ಗದ್ದೆಯ ಮೇಲೆ ಉಪ್ಪು ಬಿಳುಪೇರುವುದನ್ನು ನೋಡಿ ಬೆಳೆದ ಹುಡುಗಿ ಇನ್ನೇನು ಓದಬೇಕಿತ್ತು? ಮೊದಲ ವರ್ಷ ಇಟಲಿಯಲ್ಲಿ ಪಾಠ, ಎರಡನೆಯ ವರ್ಷ ಪೋರ್ಚುಗಲ್ಲಿನ ಕಡಲಂಚಿನ ಉಪ್ಪು ನೆಲದಲ್ಲಿ ಪ್ರಯೋಗ. ಮೊದಲ ವರ್ಷವನ್ನು ಅವಳು ತರಗತಿಗೆ ಮೂರನೆಯವಳಾಗಿ ಮುಗಿಸಿದಳು.

ಅವಳ ಕೋಣೆಯಲ್ಲೇ ಇದ್ದ ಲೂಸಿಯಾ ಎಂಬ ಸ್ಪೇನಿನ ಹುಡುಗಿಯೂ ಅದೇ ಪದವಿಗೆ ಅದೇ ಊರಿಗೆ ಹೋಗಬೇಕಿತ್ತು. ಗುರುತಿನ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಅವಳು ಹೊರಟೇಬಿಟ್ಟಳು. ಸಂಘಮಿತ್ರಾಳಿಗೆ ಮಾತ್ರ ಹೊಸ ವೀಸಾ ಬೇಕು, ವೀಸಾಗೆ ಅವಳ ಮೇಲೆ ಅಪರಾಧವಿಲ್ಲವೆಂಬ ಪೊಲೀಸ್ ಪತ್ರ ಬೇಕು, ಪತ್ರ ಮೂರು ತಿಂಗಳೊಳಗಿನದಾಗಿರಬೇಕು. ಆ ದೇಶಗಳನ್ನು ನಾನು ಸಾಚಾ ಎನ್ನುವುದಿಲ್ಲ. ‘ಗಡಿಗಳಿಲ್ಲದ ವಿದ್ಯೆ’ ಎಂದು ಬಣ್ಣದ ಹಾಳೆಯಲ್ಲಿ ಅಚ್ಚು ಹಾಕಿಸುತ್ತಾರೆ, ಗಡಿ ಇಲ್ಲದಿರುವುದು ಅವರ ಮಕ್ಕಳಿಗಷ್ಟೇ. ಆದರೆ ಅವರು ಕೇಳಿದ್ದು ಒಂದು ಸಣ್ಣ ಪ್ರಶ್ನೆ: ಈ ಹುಡುಗಿ ಏನಾದರೂ ತಪ್ಪು ಮಾಡಿದ್ದಾಳೆಯೇ? ಅದಕ್ಕೆ ಉತ್ತರ ನಿಮ್ಮ ಬಳಿ ಇತ್ತು. ಎರಡು ವರ್ಷದ ಹಿಂದೆ ಪಾಸ್‌ಪೋರ್ಟ್‌ಗೆಂದು ಇದೇ ಮನೆಗೆ ಬಂದು, ಇದೇ ಹುಡುಗಿಯನ್ನು ಕಂಡು, ‘ವಾಸವಿದ್ದಾರೆ, ಆಕ್ಷೇಪಣೆ ಇಲ್ಲ’ ಎಂದು ಬರೆದವರೂ ನಿಮ್ಮವರೇ.

ಜುಲೈ ಒಂಬತ್ತರ ಸಂಜೆ ನಾನು ತಮ್ಮನ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ತಮ್ಮ ಮಂಟೇಸ್ವಾಮಿ ಪಂಚಾಯಿತಿಯ ನೀರುಗಂಟಿ, ಕೆಳಗಿನ ಬೀದಿಗೆ ನೀರು ಬಿಡಲು ಹೋಗಿದ್ದ. ಅವನ ಹೆಂಡತಿ ಮಂಗಳಮ್ಮ ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ಆಗತಾನೇ ಬಂದಿದ್ದಳು. ನಿಮ್ಮ ಪೇದೆಯೊಬ್ಬರು ಬೈಕು ನಿಲ್ಲಿಸಿ ಒಂದು ಹಾಳೆ ತೆಗೆದರು. ಅವರ ಹೆಸರು ಬರೆಯುವುದಿಲ್ಲ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಆಡಿದ ಮಾತನ್ನು ಕೇಳಿದ ಹಾಗೆಯೇ ಬರೆಯುತ್ತೇನೆ.

“ಸಂಘಮಿತ್ರಾ ಅಂದ್ರೆ ಯಾರಮ್ಮ?”

“ನನ್ ಮಗ್ಳು ಸಾ.”

“ಕರೀಯಮ್ಮ.”

“ಇಟಲೀಲಿ ಅವ್ಳೆ ಸಾ. ಓದಕ್ಕೋಗವ್ಳೆ.”

“ಅಂದ್ರೆ ಇಲ್ಲಿಲ್ಲ.”

“ಇಲ್ಲೆಂಗಿರ್ತಾಳೆ ಸಾ? ಅಲ್ಲವ್ಳೆ.”

“ಅಲ್ಲಿರೋದ್ ಕಟ್ಕೊಂಡ್ ನಂಗೇನಮ್ಮ. ಈ ಮನೇಲಿ ಅವ್ಳಾ, ಇಲ್ವಾ? ಅಷ್ಟೇ ಕಾಲಮ್ಮು.”

ಎದುರು ಮನೆಯಲ್ಲಿ ಚಿಲ್ಲರೆ ಅಂಗಡಿ ಇಟ್ಟಿರುವ ರುದ್ರಾಣಿ ಅಲ್ಲಿಂದಲೇ ಕೂಗಿದಳು: “ಒಲದ್ ಕಡೀಕೋಗವ್ಳೆ ಅಂದ್ಬುಡು ಮಂಗ್ಳಿ, ಬರ್ಕೊಂಡ್ ಓಯ್ತಾರೆ.” ಪೇದೆಯವರಿಗೂ ನಗು ಬಂತು. ಮಂಗಳಮ್ಮ ನಗಲಿಲ್ಲ. “ಇಮಾನ ಅತ್ತಿರೋ ಮಗ್ಳನ್ನ ಒಲಕ್ಕೋಗವ್ಳೆ ಅನ್ಲಾ?” ಎಂದಳು. ಅದರಲ್ಲಿ ಹೆಮ್ಮೆ ಇತ್ತು, ನಾನು ಅಲ್ಲಗಳೆಯುವುದಿಲ್ಲ. ಆ ಬೀದಿಯಿಂದ ವಿಮಾನ ಹತ್ತಿದವರು ಬೇರೆ ಯಾರೂ ಇಲ್ಲ. ಪೇದೆಯವರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿ, “ಈ ಬೀದಿಯಿಂದ ಇಟಲಿಗಾ?” ಎಂದರು. ಆ ಮಾತನ್ನು ನಾನು ದೂರಿನಲ್ಲಿ ಸೇರಿಸಿಲ್ಲ. ಅಂಥ ಮಾತಿಗೆಲ್ಲ ದೂರು ಕೊಡುತ್ತಾ ಹೋದರೆ ನಮ್ಮವರಿಗೆ ಬೇರೆ ಕೆಲಸಕ್ಕೆ ಹೊತ್ತು ಸಿಗುವುದಿಲ್ಲ.

ನಾನು ಎದ್ದು ಹೇಳಿದೆ: ಅವಳು ಹೊರದೇಶದಲ್ಲಿ ಇರುವುದರಿಂದಲೇ ಈ ಪತ್ರ ಬೇಕಾಗಿದೆ, ಅರ್ಜಿ ಬಂದಿರುವುದೇ ಅಲ್ಲಿನ ನಮ್ಮ ರಾಯಭಾರ ಕಚೇರಿಯಿಂದ, ಹಾಳೆಯ ತಲೆಯಲ್ಲೇ ಇದೆ ನೋಡಿ. “ಗೊತ್ತು ಯಜಮಾನ್ರೆ,” ಎಂದರು ಅವರು, “ಅದ್ನ ಬರಿಯಕ್ಕೆ ಜಾಗ ಕೊಟ್ಟಿಲ್ಲ.” ರುದ್ರಾಣಿಯ ಮತ್ತು ನನ್ನ ಸಹಿ ಪಡೆದು ಹೋದರು. ಹುಡುಗಿ ಒಳ್ಳೆಯವಳು, ಯಾವ ತಂಟೆಗೂ ಹೋದವಳಲ್ಲ ಎಂದು ನಾವಿಬ್ಬರೂ ಬರೆದುಕೊಟ್ಟಿದ್ದೆವು. ಅದು ಯಾವ ಕಡತದಲ್ಲಿ ಸೇರಿತೋ ತಿಳಿಯದು. ಮೇಲಕ್ಕೆ ಹೋದದ್ದು ‘ವಾಸವಿಲ್ಲ’ ಎಂಬ ಒಂದೇ ಸಾಲು. ಅದರ ಕೆಳಗೆ ಗಣಕಯಂತ್ರ ‘ಪ್ರತಿಕೂಲ ವರದಿ’ ಎಂದು ತಾನೇ ಸೇರಿಸಿತು. ಅದರ ಕೆಳಗೆ ಸಹಿ ಹಾಕಿದವರು ನೀವು.

ನನ್ನ ವೃತ್ತಿಯನ್ನು ಇಲ್ಲಿ ಹೇಳಬೇಕು. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕುಗಳಲ್ಲಿ ಮೂವತ್ತಾರು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದೆ. ವಿಳಾಸ, ವಾಸ ಇವೆರಡರ ವ್ಯತ್ಯಾಸವೇ ನನ್ನ ಅನ್ನವಾಗಿತ್ತು. ಮನೆಯವರು ಸಿಗದಿದ್ದರೆ ಲಕೋಟೆಯ ಮೇಲೆ ಏನು ಬರೆಯಬೇಕೆಂದು ಇಲಾಖೆ ನಮಗೆ ಕಲಿಸಿತ್ತು. ಬಾಗಿಲಿಗೆ ಬೀಗವಿದ್ದರೆ ಒಂದು ಷರಾ, ಊರನ್ನೇ ಬಿಟ್ಟಿದ್ದರೆ ಇನ್ನೊಂದು, ತೆಗೆದುಕೊಳ್ಳಲು ಒಪ್ಪದಿದ್ದರೆ ಬೇರೆ, ಅಂಥವರೇ ಇಲ್ಲದಿದ್ದರೆ ಬೇರೆ, ಸದ್ಯಕ್ಕೆ ಪರಸ್ಥಳದಲ್ಲಿದ್ದರೆ ಬೇರೆ. ಬದನವಾಳಿನಲ್ಲಿ ನೂಲುವ ಹೆಣ್ಣುಮಗಳೊಬ್ಬಳಿಗೆ ರಿಜಿಸ್ಟರ್ ಪತ್ರ ಬಂದಾಗ ಅವಳು ಬಾಣಂತನಕ್ಕೆ ತವರಿಗೆ ಹೋಗಿದ್ದಳು. ‘ತವರಿನಲ್ಲಿದ್ದಾರೆ’ ಎಂದು ಬರೆದೆ. ಅವಳಿಗೆ ಬದನವಾಳಿನಲ್ಲಿ ಮನೆಯೇ ಇಲ್ಲವೆಂದು ಬರೆಯಲಿಲ್ಲ. ಪತ್ರ ಅವಳ ತವರಿಗೆ ಹೋಗಿ ಮುಟ್ಟಿತು. ಒಂದು ಕಾರ್ಡಿಗೆ ನಾವು ತೋರಿಸುತ್ತಿದ್ದ ಈ ಎಚ್ಚರವನ್ನು ಒಬ್ಬ ಹೆಣ್ಣುಮಗಳ ಬಗ್ಗೆ ತೋರಿಸಲು ನಿಮ್ಮ ನಮೂನೆಯಲ್ಲಿ ಒಂದು ಅಂಗುಲ ಜಾಗವಿಲ್ಲವೇ?

ಆಗಸ್ಟಿನಲ್ಲಿ ನಿಮ್ಮ ಕಚೇರಿಗೆ ಬಂದಾಗ ಕೊಟ್ಟ ಪರಿಹಾರವನ್ನು ಓದುಗರೂ ಕೇಳಲಿ: “ಹುಡುಗಿ ಖುದ್ದು ಬಂದು ಹಾಜರಾಗ್ಲಿ, ವಾಸ ಇದಾಳೆ ಅಂತ ಬರೀತೀವಿ.” ಇಟಲಿಯ ಅವಳ ವಾಸದ ಪರವಾನಗಿ ಆ ತಿಂಗಳೇ ಮುಗಿಯುತ್ತಿತ್ತು, ಆಮೇಲೆ ನವೀಕರಣದ ರಸೀದಿಯ ಮೇಲೆ ಕೆಲವು ವಾರ ಅಲ್ಲೇ ಉಳಿಯಬಹುದಿತ್ತು ಅಷ್ಟೇ. ಅಲ್ಲಿಂದ ಹೊರಬಿದ್ದರೆ ಹೊಸ ವೀಸಾ ಇಲ್ಲದೆ ಮತ್ತೆ ಒಳಗೆ ಬಿಡುವುದಿಲ್ಲ, ಹೊಸ ವೀಸಾಗೆ ನಿಮ್ಮ ಪತ್ರ ಬೇಕು. ಅಂದರೆ ಮೂಗೂರಿನಲ್ಲಿ ಇದ್ದರೆ ಮಾತ್ರ ಅವಳು ಹೊರಗೆ ಇರಬಹುದು, ಹೊರಗೆ ಇರುವವರೆಗೆ ಅವಳು ಮೂಗೂರಿನವಳಲ್ಲ. ಆ ಮಾತು ಹೇಳಿದವರು ಸಭ್ಯರು, ಕುಳಿತುಕೊಳ್ಳಲು ಕುರ್ಚಿಯನ್ನೂ ಕೊಟ್ಟರು. ತಾವು ಹೇಳುತ್ತಿರುವುದರಲ್ಲಿ ಏನೋ ಎಡವಟ್ಟಿದೆ ಎಂದು ಅವರಿಗೆ ಒಮ್ಮೆಯೂ ಅನ್ನಿಸಲಿಲ್ಲ.

ಸೆಪ್ಟೆಂಬರಿನಲ್ಲಿ ಪೋರ್ಚುಗಲ್ಲಿನಲ್ಲಿ ತರಗತಿ ಶುರುವಾಯಿತು. ಲೂಸಿಯಾ ಹೊಸ ಪ್ರಯೋಗಾಲಯದಿಂದ ಒಂದು ಚಿತ್ರ ಕಳುಹಿಸಿದ್ದಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಸಂಘಮಿತ್ರಾಳ ಹೆಸರು ಅಂಟಿಸಿದ್ದರು. ಅಕ್ಟೋಬರ್ ಹತ್ತರವರೆಗೆ ಕಾದು ಆ ಹೆಸರನ್ನು ತೆಗೆದರು. ಹದಿನಾಲ್ಕರಂದು ಅವಳು ಮನೆಗೆ ಬಂದಳು. ವಿಶ್ವವಿದ್ಯಾಲಯದವರು ಒಂದು ಉಪಕಾರ ಮಾಡಿದ್ದಾರೆ: ಸೀಟನ್ನು ಮುಂದಿನ ತಂಡಕ್ಕೆ ಒಂದು ಸಲ ಮಾತ್ರ ಮುಂದೂಡಿದ್ದಾರೆ. ಮೇ ಹದಿನೈದರೊಳಗೆ ಪೊಲೀಸ್ ಪತ್ರ ಸೇರಿ ಎಲ್ಲ ಕಾಗದ ತಲುಪಬೇಕು.

ಈಗ ಅವಳು ದಿನವೂ ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿ ಟ್ಯೂಷನ್ ಕೇಂದ್ರವೊಂದರಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತಾಳೆ. ಬಸ್ಸಿನಲ್ಲಿ ಕೇಳುತ್ತಾರೆ: “ಏನವ್ವ, ಓದು ಮುಗೀತಾ?” ಮುಗಿದಿಲ್ಲ ಎಂದರೆ, “ಮತ್ಯಾಕ್ ಬಂದ್ಬುಟ್ಟೆ?” ಪೊಲೀಸರು ಪತ್ರ ಕೊಡಲಿಲ್ಲ ಎಂದು ಒಮ್ಮೆ ನಿಜ ಹೇಳಿದಳು. ಪೊಲೀಸರು ಪತ್ರ ಕೊಡಲಿಲ್ಲವೆಂದರೆ ಊರಿಗೆ ಅರ್ಥವಾಗುವುದು ಒಂದೇ ಅಲ್ಲವೇ? ಅವಳು ಅಲ್ಲಿ ಏನು ಮಾಡಿಕೊಂಡಳಂತೆ ಎಂದು ಈಗ ಅಂಗಡಿಯ ಮುಂದೆ ಬಗೆಬಗೆಯ ಮಾತಿದೆ. ನಿಮ್ಮ ವರದಿಯಲ್ಲಿ ಅಪರಾಧದ ಸುದ್ದಿಯೇ ಇಲ್ಲ. ಅದನ್ನು ಸೇರಿಸುವ ಕೆಲಸವನ್ನು ಊರು ಪುಕ್ಕಟೆಯಾಗಿ ಮಾಡಿಕೊಟ್ಟಿದೆ. ಮಂಗಳಮ್ಮ ನನ್ನನ್ನು ಒಂದು ದಿನ ಕೇಳಿದಳು: “ಬಾವ, ಅವತ್ತು ನಾನು ಸುಳ್ಳೇಳ್ಬುಟ್ಟಿದ್ರೆ ಮಗ ಅಲ್ಲೇ ಇರ್ತಿತ್ತಲ್ವಾ?” ಹೌದು ಎಂಬುದೇ ಸರಿಯಾದ ಉತ್ತರ. ನೀವು ಹೇಳಿ, ಸರ್ಕಾರದ ಮನುಷ್ಯನಿಗೆ ನಿಜ ಹೇಳಿದ ತಾಯಿಗೆ ನಾನು ಏನೆನ್ನಬೇಕಿತ್ತು?

ಪತ್ರ ಮೂರು ತಿಂಗಳಿಗಿಂತ ಹಳೆಯದಾಗಬಾರದೆಂದು ಕಾದು, ಫೆಬ್ರವರಿಯಲ್ಲಿ ಇಲ್ಲಿಂದಲೇ ಹೊಸ ಅರ್ಜಿ ಹಾಕಿದೆವು. ಮಾರ್ಚ್ ಮೂರರಂದು ಅದೇ ಪೇದೆಯವರು ಬಂದರು. ಬಾಗಿಲು ತೆಗೆದವಳು ಸಂಘಮಿತ್ರಾಳೇ. ಪಾಸ್‌ಪೋರ್ಟಿನ ಚಿತ್ರವನ್ನೂ ಅವಳ ಮುಖವನ್ನೂ ಎರಡೆರಡು ಸಲ ನೋಡಿದರು.

“ನೀನೇನಮ್ಮ?”

“ನಾನೇ ಸರ್.”

“ಎಷ್ಟ್ ದಿನ ಆಯ್ತು ಬಂದು?”

“ಅಕ್ಟೋಬರಿಂದ ಇಲ್ಲೇ ಇದೀನಿ. ನೀವು ಇಲ್ಲ ಅಂದಿದ್ಕೇ ಬಂದಿದ್ದು ಸರ್.”

ಪೇದೆಯವರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. “ನೋಡಿ ಯಜಮಾನ್ರೆ, ಕಣ್ಣಿಗ್ ಕಾಣ್ತಾ ಅವ್ಳೆ. ಸಿಸ್ಟಮ್ಮಲ್ಲಿ ಇಲ್ಲ ಅಂತ ಅದೆ. ಹಳೇದು ಕ್ಲೋಸ್ ಆಗ್ದೆ ಹೊಸಾದು ಮುಂದುಕ್ಕೆ ಹೋಗಲ್ಲ.”

“ಹಳೇದು ಯಾರು ಕ್ಲೋಸ್ ಮಾಡ್ಬೇಕು?”

“ಸಾಹೇಬ್ರು. ತಪ್ಪಾಗ್ಬುಟ್ಟದೆ ಅಂತ ಬರೀಬೇಕು.”

“ಬರೀತಾರಾ?”

“ನೀವೂ ಸರ್ವೀಸ್ ಮಾಡಿರೋರೇ. ನಿಮ್ ಸಾಹೇಬ್ರು ಯಾರಾದ್ರೂ ಬರ್ದಿದ್ರಾ?”

ಬರೆದಿದ್ದರು, ಮಾನ್ಯರೇ. ತಪ್ಪು ನನ್ನದಾಗಿತ್ತು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ತಾಂಡವಪುರದ ನಟರಾಜ್ ಎಂಬ ಹುಡುಗನಿಗೆ ಒಂದು ಲಕೋಟೆ ಬಂತು. ಬಾಗಿಲು ಹಾಕಿತ್ತು. ‘ಅವ್ನು ಓದ’ ಎಂದು ಪಕ್ಕದ ಮನೆಯವರು ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಬಿಸಿಲು ಏರಿತ್ತು. ‘ಊರು ಬಿಟ್ಟಿದ್ದಾರೆ’ ಎಂದು ಬರೆದು ಹಿಂತಿರುಗಿಸಿದೆ. ಅವನು ಹೋಗಿದ್ದದ್ದು ನಂಜನಗೂಡಿನ ಸಂತೆಗೆ. ಲಕೋಟೆಯಲ್ಲಿದ್ದದ್ದು ನೌಕರಿಯ ಸಂದರ್ಶನದ ಕರೆ. ನಮ್ಮ ಪೋಸ್ಟ್‌ಮಾಸ್ಟರು ನನ್ನನ್ನು ಕರೆದುಕೊಂಡು ಅವನ ಮನೆಗೆ ಹೋದರು, ‘ತಪ್ಪು ನಮ್ಮ ಸಿಬ್ಬಂದಿಯದು, ಅಭ್ಯರ್ಥಿಯದಲ್ಲ’ ಎಂದು ಸಹಿ ಮಾಡಿ ಆ ಕಚೇರಿಗೆ ಪತ್ರ ಬರೆದರು. ಹಾಗೆ ಬರೆದದ್ದಕ್ಕೆ ಇಲಾಖೆ ಮುಳುಗಲಿಲ್ಲ, ಅವರ ಪಿಂಚಣಿಯೂ ನಿಲ್ಲಲಿಲ್ಲ. ಆದರೆ ಪತ್ರ ಮುಟ್ಟುವ ಹೊತ್ತಿಗೆ ಆ ನೌಕರಿಗೆ ಬೇರೆಯವರು ಸೇರಿಯಾಗಿತ್ತು. ನಟರಾಜ್ ಕೊನೆಯವರೆಗೂ ಗಾರೆ ಕೆಲಸ ಮಾಡಿದ. ಅವನ ಮನೆಗೆ ಟಪಾಲು ಕೊಡುವಾಗ ನಾನು ತಲೆ ಎತ್ತುತ್ತಿರಲಿಲ್ಲ. ತಪ್ಪನ್ನು ಒಪ್ಪಿಕೊಂಡರೆ ಸಾಲದು, ಒಪ್ಪಿಕೊಳ್ಳುವುದಕ್ಕೂ ಒಂದು ಗಡುವಿದೆ ಎಂದು ಕಲಿತದ್ದು ಅಲ್ಲಿ.

ನಮ್ಮ ಮನೆಯಲ್ಲಿ ಬುದ್ಧನ ಪಟವಿದೆ. ಸಂಘಮಿತ್ರಾ ಎಂಬುದು ಕಡಲು ದಾಟಿ ಸಿಂಹಳಕ್ಕೆ ಬೋಧಿಯ ಕೊಂಬೆ ಒಯ್ದವಳ ಹೆಸರೆಂದು ನನ್ನ ತಮ್ಮ ಅದನ್ನು ಮಗಳಿಗಿಟ್ಟ. ಆ ಕಾಲದಲ್ಲಿ ಪರಿಶೀಲನಾ ವಿಭಾಗವಿರಲಿಲ್ಲವೆಂದು ಕಾಣುತ್ತದೆ.

ಇನ್ನು ನನ್ನ ಬೇಡಿಕೆ. ದಯೆ ಕೇಳುತ್ತಿಲ್ಲ, ಯಾರನ್ನೂ ಶಿಕ್ಷಿಸಿ ಎನ್ನುತ್ತಿಲ್ಲ. ಜುಲೈ ಒಂಬತ್ತರ ವರದಿ ತಪ್ಪು, ಅರ್ಜಿದಾರರು ಆಗ ಓದಿಗಾಗಿ ಹೊರದೇಶದಲ್ಲಿದ್ದರು, ಅವರ ಕಾಯಂ ಮನೆ ಮೂಗೂರಿನದೇ ಎಂದು ಮೂರು ಸಾಲು ಬರೆದು ಸಹಿ ಹಾಕಿ, ಹಳೆಯದನ್ನು ಮುಚ್ಚಿ. ನಿಮ್ಮ ನಮೂನೆಯಲ್ಲಿ ‘ಸದ್ಯ ಪರಸ್ಥಳದಲ್ಲಿದ್ದಾರೆ’ ಎಂಬ ಒಂದು ಕಾಲಮ್ಮನ್ನು ಸೇರಿಸಿ. ಮುಂದೆ ಇನ್ನಾವ ಬೀದಿಯ ಮಗಳಾದರೂ ಹೊರಟಾಗ, ತಾಯಿಯಾದವಳು ಸುಳ್ಳು ಕಲಿಯಬೇಕಾಗದಿರಲಿ. ಇದೆಲ್ಲ ಮೇ ಹದಿನೈದರೊಳಗೆ ಆಗಬೇಕು. ಹದಿನಾರರಂದು ತಿದ್ದಿದರೆ ಆ ಪತ್ರ ಯಾವ ದೇಶಕ್ಕೂ ಬೇಕಾಗಿಲ್ಲ. ಹಾಗೇನಾದರೂ ಆದರೆ ಅದನ್ನು ಬೇರೆಯವರ ಕೈಯಲ್ಲಿ ಕಳುಹಿಸಬೇಡಿ, ನೀವೇ ತಂದು ಅವಳ ಕೈಗೆ ಕೊಡಿ. ಹುಡುಕುವ ಕಷ್ಟವಿಲ್ಲ. ಅವಳು ಮನೆಯಲ್ಲೇ ಇರುತ್ತಾಳೆ.

ಇಂತಿ,
ಮೂವತ್ತಾರು ವರ್ಷ ಊರವರ ವಿಳಾಸ ಹುಡುಕಿಕೊಟ್ಟು, ಮನೆಯ ಮಗಳ ವಿಳಾಸವನ್ನು ಇನ್ನೂ ರುಜುವಾತುಪಡಿಸಲಾಗದ
ಜವರಯ್ಯ,
ನಿವೃತ್ತ ಪೋಸ್ಟ್‌ಮ್ಯಾನ್, ಮೂಗೂರು, ತಿ. ನರಸೀಪುರ ತಾಲ್ಲೂಕು