ಮನೆಯಲ್ಲೇ ಉಳಿದ ಕ್ಯಾನು

ಗಂಗರಾಜು,

ಬಾಗಿಲ ಹಿಂದಿನ ನೀರಿನ ಕ್ಯಾನನ್ನು ನಾವು ಮರೆತು ಹೋಗಿಲ್ಲ. ಹೋದ ತಿಂಗಳಿನ ಹಾಗೆ ಅದನ್ನು ಬೈಕಿಗೆ ಕಟ್ಟಿಕೊಂಡು ಚಳ್ಳಕೆರೆ ಬಸ್‌ಸ್ಟ್ಯಾಂಡಿಗೆ ಓಡಿ ಬರಬೇಡ.

ಅವ್ವನಿಗೆ ಇವತ್ತು, ನಾಳೆ ದಾವಣಗೆರೆಯಲ್ಲಿ ಡ್ರಿಪ್ ಇದೆ. ನಾಡಿದ್ದು ಬರ್ತೀವಿ. ಕುರಿಗಳನ್ನು ಕಾವಲು ಹುಲ್ಲುಗಾವಲಿನ ಬೇಲಿ ಹತ್ತಿರ ಬಿಟ್ಟು ಫೋನ್ ನೋಡುತ್ತಾ ಕೂರಬೇಡ.

ಪಕ್ಕದ ಮನೆ ಹುಚ್ಚಕ್ಕ ಅವ್ವನ ಕಾಲಿನ ಹುಣ್ಣಿಗೆ ಮತ್ತೆ ಸೊಪ್ಪು ಅರೆದು ತಂದರೆ ಇಸ್ಕೊಂಡು ತಿಪ್ಪೆಗೆ ಹಾಕು. ಅದು ಚರ್ಮದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ, ಸರ್ಪದೋಷ ಅಲ್ಲ ಎಂದು ನಾನು ನಾಲ್ಕು ಸಲ ಹೇಳಿದ್ದೇನೆ. ಐದನೆಯದು ನಿನ್ನ ಪಾಳಿ. ಹುಣ್ಣು ಒಣಗುತ್ತಿರುವುದು ಡ್ರಿಪ್‌ನಿಂದ ಅಂತಲೂ ಹೇಳು.

ಇನ್ನು ಕ್ಯಾನಿನ ವಿಷಯ. ಡ್ರಿಪ್ ಹಾಕುವಾಗ ಚೆನ್ನಾಗಿ ನೀರು ಕುಡಿಯಬೇಕು. ಅವ್ವ ಹುಟ್ಟಿದಾಗಿನಿಂದ ಬೇರೆಯವರ ಮನೆ ನೀರು ಮುಟ್ಟಿದವಳಲ್ಲ. ಅದಕ್ಕೇ ಆರು ತಿಂಗಳು ಕ್ಯಾನು ಹೊತ್ತೆವು. ಆ ಡ್ರಿಪ್ಪಿನ ಔಷಧಿಯನ್ನು ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆಯುತ್ತಾರೆ ಎನ್ನುವುದನ್ನು ನಾವಿಬ್ಬರೂ ಅಷ್ಟೇ ತಿಂಗಳು ಮುಚ್ಚಿಟ್ಟೆವು. ಹೋದ ಸಲ ನರ್ಸ್ ಹೇಳಿಬಿಟ್ಟಳು. ಅವ್ವ ಸೂಜಿ ಕಿತ್ತು ಹಾಕುತ್ತಾಳೆ ಅಂದುಕೊಂಡೆ. ಅವಳು ಬಾಟಲಿ ಖಾಲಿಯಾಗುವವರೆಗೂ ಅದನ್ನೇ ನೋಡುತ್ತಾ ಮಲಗಿದ್ದಳು.

ಇವತ್ತು ಬೆಳಿಗ್ಗೆ ನಾನು ಕ್ಯಾನು ತುಂಬಿಸಿ ಎತ್ತಿಕೊಂಡಾಗ ತಡೆದಳು.

"ಬ್ಯಾಡ ಬಿಡು. ಅಷ್ಟು ಮಂದಿ ರಕ್ತನೇ ಮೈಯಾಗೆ ಹರೀತೈತೆ. ಇನ್ನ ನೀರಿಗೇನು."

ಆ ನೀರನ್ನು ಕುರಿಗೆ ಹಾಕು. ಅವ್ವನ ಹಿತ್ತಾಳೆ ಲೋಟ ಹುಡುಕಬೇಡ. ಅದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡಿದ್ದಾಳೆ.

ಸ್ವಪ್ನಕ್ಕ